ಹೊಲಸು ನೋಡಲು ಹೋದವಳಿಗೆ ರಂಗೋಲಿಯ ಸ್ವಾಗತ

ಕೊರೋನಾ ಬರುವುದಕ್ಕೆ ಎರಡು ವರ್ಷ ಮೊದಲಿನ ಮಾತು. ಮೈಸೂರಿನ ಸಿವಿಲ್ ನ್ಯಾಯಾಲಯಗಳಲ್ಲಿ ನಾನು ವಕೀಲಿ ಶುರುಮಾಡಿ ಆಗ ಕಾಲು ಶತಮಾನ ದಾಟಿತ್ತು. ಬೆಳಿಗ್ಗೆ ಸಿದ್ಧಾರ್ಥನಗರದ ಮನೆಯಿಂದ ಸ್ಕೂಟರಿನಲ್ಲಿ ಹೊರಟರೆ ಸಂಜೆಯವರೆಗೆ ಗೋಡೆ, ಗಡಿ, ಬಾಡಿಗೆ, ಪಾಲು ಇವುಗಳದೇ ಜಗಳ. ನಮ್ಮಪ್ಪ ನಂಜನಗೂಡಿನ ಕಡೆಯ ರೈತರು. ಮನೆತನದಲ್ಲಿ ಕಪ್ಪು ಕೋಟು ತೊಟ್ಟ ಮೊದಲ ಹೆಂಗಸು ನಾನು. ಬಾಯಿ ಜೋರು ಎಂಬ ಹೆಸರು ಕೋರ್ಟಿನಲ್ಲಿ ಆಗಲೇ ಬಂದಿತ್ತು. ಅದನ್ನು ಇಂದಿಗೂ ಜೋಪಾನವಾಗಿ ಉಳಿಸಿಕೊಂಡು ಬಂದಿದ್ದೇನೆ.

ಆ ವರ್ಷ ನ್ಯಾಯಾಧೀಶರು ಒಂದು ದಾವೆಯಲ್ಲಿ ನನ್ನನ್ನು ಕೋರ್ಟ್ ಕಮಿಷನರ್ ಆಗಿ ನೇಮಿಸಿದರು. ಇದು ಪೊಲೀಸ್ ಕಮಿಷನರ್ ಥರದ ಹುದ್ದೆಯಲ್ಲ. ಜಗಳದ ಜಾಗಕ್ಕೆಲ್ಲ ನ್ಯಾಯಾಧೀಶರೇ ಎದ್ದು ಹೋಗುವಂತಿಲ್ಲವಲ್ಲ, ಅವರ ಬದಲು ಒಬ್ಬ ವಕೀಲರು ಹೋಗಿ ಕಣ್ಣಾರೆ ಕಂಡು, ಅಳತೆ ಹಿಡಿದು, ಫೋಟೋ ತೆಗೆದು, ಸ್ಥಳದಲ್ಲೇ ಮಹಜರು ಬರೆದು ವರದಿ ಕೊಡುತ್ತಾರೆ. ಆ ಒಂದು ಕೆಲಸದ ಮಟ್ಟಿಗೆ ಅವರು ಕಮಿಷನರ್. ಇದಕ್ಕೆ ಕೆಲವು ಕಟ್ಟುಪಾಡುಗಳಿವೆ. ಯಾವ ದಿನ ಬರುತ್ತೇನೆಂದು ಎರಡೂ ಕಡೆಯವರಿಗೆ ಮುಂಚಿತವಾಗಿ ನೋಟಿಸ್ ಕೊಡಬೇಕು. ಒಂದು ಕಡೆಯವರ ಜೊತೆ ಪ್ರತ್ಯೇಕವಾಗಿ ಮಾತಾಡಬಾರದು. ಯಾರಿಗೂ ಬುದ್ಧಿ ಹೇಳಿಕೊಡಬಾರದು. ಯಾರ ಮನೆಯ ಕಾಫಿಯನ್ನೂ ಕುಡಿಯಬಾರದು. ಮೊದಲ ಮೂರು ನಿಯಮ ಪಾಲಿಸುವುದು ಸುಲಭ. ನಾಲ್ಕನೆಯದು ಮೈಸೂರಿನಲ್ಲಿ ಬಹಳ ಕಷ್ಟ.

ಜಾಗ ಹಿನಕಲ್. ಊರು ನಗರದೊಳಗೆ ಸೇರಿಹೋಗಿದ್ದರೂ ಒಳಗಿನ ಹಳೆಯ ಬೀದಿಗಳು ಹಳ್ಳಿಯ ಹಾಗೆಯೇ ಇವೆ. ಅಂಥ ಒಂದು ಬೀದಿಯಲ್ಲಿ ಎಂಟು ಮನೆಗಳ ವಠಾರ. ಮಧ್ಯೆ ಉದ್ದನೆಯ ಅಂಗಳ, ಎರಡೂ ಬದಿಗೆ ಸಾಲುಮನೆ, ಕೊನೆಯಲ್ಲಿ ಎಲ್ಲರಿಗೂ ಸೇರಿ ಎರಡು ಪಾಯಿಖಾನೆ. ಮಾಲೀಕರು ನಂಜೇಗೌಡರು ಎದುರು ಮನೆಯಲ್ಲೇ ಇದ್ದರು. ವಠಾರ ಕೆಡವಿ ಅಲ್ಲಿ ನಾಲ್ಕು ಅಂತಸ್ತಿನ ಪಿ.ಜಿ. ಕಟ್ಟಬೇಕೆಂಬುದು ಅವರ ಆಸೆ. ಬಾಡಿಗೆದಾರರು ಏಳಲೊಲ್ಲರು. ಎದ್ದು ಹೋಗಿ ಎಂದು ಗೌಡರು ಬಾಯಿಬಿಟ್ಟು ಹೇಳಲಿಲ್ಲ. ಪಾಯಿಖಾನೆಯ ಒಳಚರಂಡಿ ಪೈಪು ಒಡೆದು ವರ್ಷವಾದರೂ ರಿಪೇರಿ ಮಾಡಿಸಲಿಲ್ಲ, ಅಷ್ಟೆ. ತಾವಾಗಿಯೇ ಬೇಸತ್ತು ಹೋಗುತ್ತಾರೆ ಎಂಬ ಲೆಕ್ಕಾಚಾರ.

ಬೇಸತ್ತರು, ಆದರೆ ಹೋಗಲಿಲ್ಲ. ರಿಪೇರಿ ಮಾಡಿಸಿಕೊಡುವಂತೆ ಆದೇಶಿಸಬೇಕೆಂದು ಕೋರ್ಟಿಗೆ ಬಂದರು. ಅವರ ಮುಂದಾಳು ಸಾಕಮ್ಮ. ಮದುವೆ ಛತ್ರವೊಂದರಲ್ಲಿ ಅಡುಗೆ ಕೆಲಸ ಮಾಡುತ್ತಿದ್ದ, ಐವತ್ತು ದಾಟಿದ ವಿಧವೆ. ಮೂವತ್ತು ವರ್ಷದಿಂದ ಅದೇ ವಠಾರದಲ್ಲಿದ್ದರು. ಅವರ ಆತುರಕ್ಕೆ ನಿಜವಾದ ಕಾರಣ ದಾವಾ ಪತ್ರದಲ್ಲಿ ಇರಲಿಲ್ಲ. ನನಗೆ ಗೊತ್ತಾದದ್ದೂ ತಡವಾಗಿ, ಆದರೆ ಓದುವವರಿಗೆ ಈಗಲೇ ಹೇಳಿಬಿಡುತ್ತೇನೆ. ಒಬ್ಬಳೇ ಮಗಳು ಲತಾಳನ್ನು ಅವರು ಹೂಟಗಳ್ಳಿಗೆ ಮದುವೆ ಮಾಡಿಕೊಟ್ಟಿದ್ದರು. ಅವಳಿಗೆ ಆಗ ಆರನೆಯ ತಿಂಗಳು. ಮೊದಲ ಹೆರಿಗೆ ತವರಿನಲ್ಲಿ ಆಗಬೇಕು, ಏಳನೆಯ ತಿಂಗಳಲ್ಲಿ ಬಳೆ ತೊಡಿಸಿ ಕರೆದುಕೊಂಡು ಬರಬೇಕು. ಆದರೆ ಲತಾಳ ಅತ್ತೆ ಒಂದು ಸಲ ಬಂದು ಪಾಯಿಖಾನೆಯ ಕಡೆ ನೋಡಿದವರೇ, ಇಂಥ ಜಾಗಕ್ಕೆ ಬಸುರಿಯನ್ನು ಕಳಿಸುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿ ಹೋಗಿದ್ದರು. ಆ ಅತ್ತೆಯನ್ನು ಬಯ್ಯಲು ನನಗೆ ಬಾಯಿ ಬರುವುದಿಲ್ಲ. ನಾನೂ ಕಳಿಸುತ್ತಿರಲಿಲ್ಲ.

ಬಾಡಿಗೆದಾರರ ಪರ ವಕೀಲ ಪ್ರಕಾಶ. ಒಳ್ಳೆಯವನು, ಚುರುಕಾದವನು. ಇಂಗ್ಲಿಷಿನ ಮೇಲೆ ಮಾತ್ರ ಸ್ವಲ್ಪ ಅತಿಯಾದ ಪ್ರೀತಿ. ದಾವಾ ಪತ್ರದ ನಾಲ್ಕನೆಯ ಪ್ಯಾರಾದಲ್ಲಿ ಅವನು, ವಾದಿಗಳೆಲ್ಲರೂ ಸ್ಕ್ವಾಲಿಡ್ ಸ್ಥಿತಿಯಲ್ಲಿ ಬದುಕುತ್ತಿದ್ದಾರೆ ಎಂದು ಬರೆದಿದ್ದ.

ಈ ವಿಶೇಷಣದ ಬಗ್ಗೆ ಎರಡು ಮಾತು ಹೇಳಬೇಕು. ನಿಘಂಟಿನಲ್ಲಿ ಕೊಳಕು, ಹೊಲಸು, ಗಲೀಜು ಎಂಬ ಅರ್ಥ ಸಿಗುತ್ತದೆ. ಬಳಕೆಯಲ್ಲಿ ಅದು ಅಷ್ಟೇ ಅಲ್ಲ. ಗದ್ದೆಯಿಂದ ಬಂದವನ ಕಾಲಿನ ಕೆಸರನ್ನು ಯಾರೂ ಸ್ಕ್ವಾಲಿಡ್ ಎನ್ನುವುದಿಲ್ಲ. ಛತ್ರದ ಹಿತ್ತಲಲ್ಲಿ ಬಿದ್ದ ಎಂಜಲೆಲೆಯ ರಾಶಿಗೂ ಆ ಪದ ಹೊಂದುವುದಿಲ್ಲ. ಕೊಳೆಯ ಜೊತೆಗೆ ಬಡತನ ಬೇಕು, ಬಹುಕಾಲದ ಅಲಕ್ಷ್ಯ ಬೇಕು, ಇನ್ನೇನು ಮಾಡಿದರೂ ಅಷ್ಟೇ ಎಂದು ಕೈಚೆಲ್ಲಿದ ಕಳೆ ಬೇಕು. ಪತ್ರಿಕೆಗಳಲ್ಲಿ ಜೈಲು, ಹಾಸ್ಟೆಲು, ಕೂಲಿಕಾರರ ಶೆಡ್ಡುಗಳ ಸುದ್ದಿ ಬಂದಾಗ ಈ ಪದವೂ ಹಿಂದೆಯೇ ಬರುತ್ತದೆ. ಜಾಗಕ್ಕಷ್ಟೇ ಅಲ್ಲದೆ ನಡತೆಗೂ ಅದನ್ನು ಬಳಸುತ್ತಾರೆ: ಮಾನಗೆಟ್ಟ ಜಗಳ, ನಾಚಿಕೆಗೇಡಿನ ವ್ಯವಹಾರ ಎನ್ನಬೇಕಾದಾಗಲೂ ಇದೇ ಪದ. ಅಪಾಯ ಇರುವುದು ಇಲ್ಲಿಯೇ. ಜಾಗಕ್ಕೆ ಅಂಟಿಸಿದ ಮಾತು ಮೆಲ್ಲಗೆ ಜಾಗದಲ್ಲಿರುವವರ ಮೈಗೂ ಅಂಟುತ್ತದೆ. ಇಷ್ಟು ವರ್ಷದಲ್ಲಿ ಒಬ್ಬರೂ ತಮ್ಮ ಸ್ವಂತ ಮನೆಗೆ ಈ ಪದ ಬಳಸಿದ್ದನ್ನು ನಾನು ಕೇಳಿಲ್ಲ.

ವಕೀಲರಿಗೆ ಮಾತ್ರ ಇದು ಬಲು ಇಷ್ಟ. ಮಧ್ಯಾಹ್ನದ ಹೊತ್ತಿನಲ್ಲಿ ತೂಕಡಿಸುವ ಕೋರ್ಟಿನಲ್ಲೂ ಸ್ಕ್ವಾಲಿಡ್ ಎಂದರೆ ನ್ಯಾಯಾಧೀಶರು ತಲೆ ಎತ್ತುತ್ತಾರೆ. ಪ್ರಕಾಶನ ಉಪಾಯ ಫಲಿಸಿತು. ವಾದಿಗಳು ಹೇಳುವ ಸ್ಥಿತಿ ಸ್ಥಳದಲ್ಲಿ ಇದೆಯೋ ಇಲ್ಲವೋ ನೋಡಿ ವರದಿ ಕೊಡಿ ಎಂದು ನನಗೆ ಆದೇಶವಾಯಿತು. ನಾನು ಎರಡೂ ಕಡೆಗೆ ನೋಟಿಸ್ ಕಳಿಸಿದೆ. ಅನಾಹುತವಾದದ್ದು ಆ ನೋಟಿಸಿನಿಂದ.

ಹೇಳಿದ ದಿನ ಬೆಳಿಗ್ಗೆ ಹಿನಕಲ್‌ನ ಆ ಬೀದಿಗೆ ತಿರುಗುತ್ತಿದ್ದ ಹಾಗೆ ಮೂಲೆಯಲ್ಲಿ ಪ್ರಕಾಶ ನಿಂತಿದ್ದ. ಮುಖ ಬಿಳುಚಿಕೊಂಡಿತ್ತು.

“ಮೇಡಂ, ಕೆಟ್ಟೆ. ಎಲ್ಲಾ ತೊಳ್ದುಬುಟ್ಟವ್ರೆ.”

“ಏನನ್ನ?”

“ವಠಾರಾನ! ಇದ್ದದ್ದು ಇದ್ದಂಗೇ ಇರ್ಲಿ, ಏನೂ ಮುಟ್ಬೇಡಿ ಅಂತ ಹೇಳೋದು ನನ್ ತಲೇಗೆ ಹೊಳೀಲೇ ಇಲ್ಲ ಮೇಡಂ.”

“ನನ್ನ ಹತ್ರ ಹೇಳ್ಬೇಡಿ ಪ್ರಕಾಶ್. ಇವತ್ತು ನಾನು ಕೋರ್ಟು” ಎಂದು ಸ್ಕೂಟರ್ ಮುಂದಕ್ಕೆ ಬಿಟ್ಟೆ. ನಗು ತಡೆದುಕೊಳ್ಳುವುದಕ್ಕೆ ಬೇರೆ ದಾರಿ ಇರಲಿಲ್ಲ.

ವಠಾರದ ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದರು. ಅಂಗಳಕ್ಕೆ ಸಗಣಿ ಸಾರಿಸಿ, ಈ ತುದಿಯಿಂದ ಆ ತುದಿಗೆ ರಂಗೋಲಿ ಬಿಟ್ಟಿದ್ದರು. ಎಂಟು ಮನೆಗಳ ಹೊಸಿಲಿಗೂ ಅರಿಶಿನ ಕುಂಕುಮ. ಗೋಡೆಗಳಿಗೆ ಹೊಸದಾಗಿ ಸುಣ್ಣ ಬಿದ್ದಿತ್ತು, ವಾಸನೆ ಇನ್ನೂ ಹೋಗಿರಲಿಲ್ಲ. ಹೆಂಗಸರೆಲ್ಲ ತಲೆಗೆ ಹೂ ಮುಡಿದು, ಪೆಟ್ಟಿಗೆಯಿಂದ ತೆಗೆದ ಸೀರೆ ಉಟ್ಟು ಸಾಲಾಗಿ ನಿಂತಿದ್ದರು. ಕಮಿಷನರ್ ಎಂದರೆ ಕೆಂಪು ದೀಪದ ಕಾರಿನಲ್ಲಿ ಬರುತ್ತಾರೆಂದು ಕಾಯುತ್ತಿದ್ದ ಒಂದಿಬ್ಬರು ನನ್ನ ಸ್ಕೂಟರು ಕಂಡು ಸ್ವಲ್ಪ ಸಪ್ಪಗಾದರು. ಅಂಗಳದ ಕೊನೆಯಲ್ಲಿ, ಸಾಕಮ್ಮ ಛತ್ರದಿಂದ ತಂದಿದ್ದ ಜರಿಯಂಚಿನ ಕೆಂಪು ಪರದೆ ಅಡ್ಡಲಾಗಿ ಕಟ್ಟಿತ್ತು. ಅದರ ಮುಂದೆ ಮೇಜು, ಮೇಜಿನ ಮೇಲೆ ತಿಂಡಿಯ ಪಾತ್ರೆಗಳು, ಪಕ್ಕದಲ್ಲಿ ಸಾಂಬ್ರಾಣಿ ಹೊಗೆ.

ನಾನು ಕೊಳಕು ನೋಡಲು ಬಂದವಳು. ಅವರಿಗೆ ಅದು ಗೊತ್ತಿತ್ತು. ಆದರೂ ಮನೆಗೆ ಒಬ್ಬರು ಬರುತ್ತಾರೆ ಎಂದ ಮೇಲೆ ಕಸ ಗುಡಿಸದೆ ಇರುವುದು ಹೇಗೆ? ತಮ್ಮ ಕೇಸನ್ನು ತಾವೇ ಪೊರಕೆ ಹಿಡಿದು ಗುಡಿಸಿ ಹಾಕಿದ್ದರು. ನಮ್ಮಮ್ಮನಾಗಿದ್ದರೂ ಇದನ್ನೇ ಮಾಡುತ್ತಿದ್ದಳು ಎಂದು ನೆನೆದಾಗ ನನಗೆ ನಗುವಿನ ಜೊತೆ ಸಂಕಟವೂ ಆಯಿತು.

“ಬನ್ನಿ, ಬನ್ನಿ ಅಮ್ಮಾವ್ರೆ” ಎಂದು ಸಾಕಮ್ಮ ಚೊಂಬು ನೀರು ಹಿಡಿದು ಬಂದರು. “ಬಿಸ್ಲಲ್ಲಿ ಬಂದಿದ್ದೀರಿ. ಕೈಕಾಲು ತೊಳ್ಕಳಿ, ಮೊದ್ಲು ತಿಂಡಿ ಆಗ್ಲಿ.”

“ತಿಂಡಿ ಬೇಡ ಸಾಕಮ್ಮ. ಕೋರ್ಟ್ ಕೆಲಸದ ಮೇಲೆ ಬಂದಿದ್ದೀನಿ, ತಿನ್ನೋ ಹಾಗಿಲ್ಲ.”

“ಅದೆಂತ ಕೋರ್ಟಮ್ಮ? ಕೋರ್ಟ್‌ಗೆ ಒಟ್ಟೆ ಅನ್ನೋದು ಇರಕಿಲ್ವಾ?”

ಪಾತ್ರೆಯ ಮುಚ್ಚಳ ಸರಿಸಿದರು. ತುಪ್ಪದಲ್ಲಿ ಹುರಿದ ಗೋಡಂಬಿಯ ಪರಿಮಳ ಸಾಂಬ್ರಾಣಿಯನ್ನೂ ಸೋಲಿಸಿತು. ಆ ಕೇಸರಿಬಾತಿನ ಎದುರು ನನ್ನ ವೃತ್ತಿಧರ್ಮ ಉಳಿದದ್ದು ನನಗೆ ಬಂದಿದ್ದ ಸಕ್ಕರೆ ಕಾಯಿಲೆಯ ದಯೆಯಿಂದ ಎಂದು ಒಪ್ಪಿಕೊಳ್ಳಬೇಕು. ನಾನು ಟೇಪು ಬಿಚ್ಚಿ ಅಳತೆ ಶುರುಮಾಡಿದೆ.

ಅಷ್ಟರಲ್ಲಿ ನಂಜೇಗೌಡರು ತಮ್ಮ ವಕೀಲರ ಜೊತೆ ಬಂದರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು, ಗಟ್ಟಿ ದನಿ. ಅಂಗಳವನ್ನು ಒಂದು ಸಲ ನೋಡಿದ್ದೇ ತಡ, ಅವರ ಮುಖ ಹಿಗ್ಗಿತು.

“ನೋಡ್ಕಳಿ ಮೇಡಂ! ಮದ್ವೆಮನೆ ಇದ್ದಂಗೈತೆ. ಎಲ್ಲೈತೆ ಆ ಸ್ಕ್ವಾಲಿಡ್ಡು? ವಸಿ ತೋರ್ಸಕ್ಕೇಳಿ!”

“ಅದೇನ್ ಗೌಡ್ರೆ ಅದು?” ಎಂದರು ಸಾಕಮ್ಮ.

“ಒಲ್ಸು ಅಂತ, ಸಾಕಕ್ಕ. ನೀವೆಲ್ಲ ಒಲ್ಸಲ್ಲಿ ಬಿದ್ದಿದ್ದೀರಿ ಅಂತ ನಿಮ್ ಲಾಯರಪ್ಪನೇ ಇಂಗ್ಲಿಸಲ್ಲಿ ಬರ್ದವ್ನೆ. ನಾನಲ್ಲ ಕಣಕ್ಕ!”

ಹೆಂಗಸರ ಸಾಲಿನಲ್ಲಿ ಗುಸುಗುಸು ಎದ್ದಿತು. ಸಾಕಮ್ಮ ಚೊಂಬು ಕೆಳಗಿಟ್ಟು ಪ್ರಕಾಶನ ಕಡೆ ತಿರುಗಿದರು.

“ಏನಪ್ಪ ಪ್ರಕಾಸ, ನಮ್ಮನೇಲಿ ಎಷ್ಟು ಸಲ ಉಂಡಿದ್ದೀಯ ನೀನು? ಒಲ್ಸಿತ್ತಾ ಅನ್ನ?”

“ಅಯ್ಯೋ, ಅಂಗಲ್ಲ ಸಾಕಮ್ನೋರೆ, ಅದು ಕೋರ್ಟಿಗೆ ಬರೆಯೋ ಭಾಷೆ…”

“ಕೋರ್ಟಿಗೆ ಸುಳ್ಳು ಬರೀಬೋದಾ?”

ಪ್ರಕಾಶ ಮಾತ್ರವಲ್ಲ, ಅಲ್ಲಿದ್ದ ಮೂವರು ವಕೀಲರೂ ಒಟ್ಟಿಗೆ ತಂತಮ್ಮ ಕಾಗದ ತಿರುವಿಹಾಕತೊಡಗಿದೆವು.

ಅಂಗಳ, ಮನೆಗಳು, ನಲ್ಲಿ, ಮುಂದಿನ ಚರಂಡಿ ಎಲ್ಲವನ್ನೂ ನೋಡಿ ಬರೆದುಕೊಂಡೆ. ಒಂದು ಕಡೆಯೂ ದೋಷವಿಲ್ಲ. ಕೊನೆಗೆ, ಹಿಂಭಾಗದ ಪಾಯಿಖಾನೆ ತೋರಿಸಿ ಎಂದೆ. ಸಾಕಮ್ಮ ಪರದೆಗೆ ಬೆನ್ನು ಕೊಟ್ಟು ನಿಂತುಬಿಟ್ಟರು. ಒಲ್ಸು ಎಂಬ ಮಾತು ಕಿವಿಗೆ ಬಿದ್ದ ಮೇಲೆ ಅವರ ಮುಖ ಬಿಗಿದುಕೊಂಡಿತ್ತು.

“ಇಂದ್ಗಡೆ ಏನಿಲ್ಲ ಬುಡಿ ಅಮ್ಮಾವ್ರೆ.”

“ಸಾಕಮ್ನೋರೆ!” ಎಂದು ಪ್ರಕಾಶ ಗೋಗರೆದ. “ಅದನ್ನ ತೋರ್ಸಕ್ಕೇ ಅಲ್ವಾ ನಾವು ಕೋರ್ಟಿಗೋಗಿರೋದು?”

“ಏನಿಲ್ಲ ಅಂದ್ನಲ್ಲ. ನಮ್ಮನೆ ಒಲ್ಸು ನಾಲ್ಕು ಜನ ನೋಡೋದು ಬ್ಯಾಡ.”

ಗೌಡರ ವಕೀಲರು ಕನ್ನಡಕ ಸರಿಮಾಡಿಕೊಂಡು ಸಾವಧಾನವಾಗಿ ಹೇಳಿದರು: “ವಾದಿಗಳೇ ಏನೂ ಇಲ್ಲ ಅಂತಿದ್ದಾರೆ ಮೇಡಂ. ಮಹಜರಿನಲ್ಲಿ ಹಾಗೇ ಬರ್ಕೊಳ್ಳಿ.”

ನಾನು ಇಕ್ಕಟ್ಟಿಗೆ ಸಿಕ್ಕಿಕೊಂಡೆ. ಪರದೆ ಸರಿಸಿ ಎಂದು ಸಾಕಮ್ಮನಿಗೆ ಒತ್ತಿ ಹೇಳಿದರೆ ಅವರ ಪರ ವಹಿಸಿದ ಹಾಗೆ. ಹೇಳದೆ ಹೊರಟರೆ, ವಾದಿಗಳು ತೋರಿಸಲಿಲ್ಲ, ಸ್ಥಳ ಸ್ವಚ್ಛವಾಗಿದೆ ಎಂದು ಬರೆಯಬೇಕು. ಆ ಒಂದು ಸಾಲಿನಿಂದ ದಾವೆ ಮುಗಿದೇ ಹೋಗುತ್ತಿತ್ತು. ಮಹಜರಿನ ಹಾಳೆ ಹಿಡಿದು ಸುಮ್ಮನೆ ನಿಂತೆ. ನಿಂತ ಮೇಲೆ ಇನ್ನೊಂದು ತೊಂದರೆ ಅರಿವಿಗೆ ಬಂತು.

ಸಕ್ಕರೆ ಕಾಯಿಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆಯಲ್ಲಿ ಕುಡಿದ ಕಾಫಿ, ದಾರಿಯಲ್ಲಿ ಕುಡಿದ ನೀರು, ಬಿಸಿಲಲ್ಲಿ ಅಷ್ಟು ಹೊತ್ತಿನ ಅಳತೆ. ನಾನು ಬೇಕೆಂದೇ ಹೂಡಿದ ತಂತ್ರ ಅದು ಎಂದು ಪ್ರಕಾಶ ಇವತ್ತಿಗೂ ಬಾರ್ ಅಸೋಸಿಯೇಷನ್ನಿನಲ್ಲಿ ಕತೆ ಹೇಳುತ್ತಾನೆ. ನನ್ನಾಣೆಗೂ ಅಲ್ಲ. ಪಕ್ಷಗಾರರ ಕಾಫಿ ಕುಡಿಯಬಾರದು ಎಂಬ ಕಟ್ಟುಪಾಡು ಇದೆ. ಪಕ್ಷಗಾರರ ಪಾಯಿಖಾನೆ ಬಳಸಬಾರದು ಎಂದು ಯಾರೂ ಹೇಳಿಲ್ಲ.

“ಸಾಕಮ್ಮ, ಬಾತ್‌ರೂಮ್ ಎಲ್ಲಿ?” ಎಂದೆ.

 ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಾಕೆ ಸೆರಗಿನ ತುದಿ ತಿರುಚತೊಡಗಿದಳು. ಇನ್ನೊಬ್ಬಾಕೆ, “ಒಂಚೂರು ತಡೀರಿ ಅಮ್ಮಾವ್ರೆ” ಎಂದಳು. ತಡೆಯುವುದು ನನ್ನ ಕೈಲಿರಲಿಲ್ಲ. ಆಗ ನಂಜೇಗೌಡರೇ ಧಾವಿಸಿ ಬಂದರು. ಏನೇ ಜಗಳವಿರಲಿ, ತಮ್ಮ ಜಾಗಕ್ಕೆ ಬಂದ ಹೆಂಗಸಿಗೆ ತೊಂದರೆಯಾಗುವುದನ್ನು ನೋಡಿಕೊಂಡು ನಿಲ್ಲುವ ಮನುಷ್ಯ ಅವರಲ್ಲ.

“ಅಯ್ಯಯ್ಯೋ, ಇಲ್ಲಿಗ್ಯಾಕ್ ಓಗ್ತೀರಿ ಮೇಡಂ? ಅಲ್ಲಿ ಕಾಲಿಡಂಗಿಲ್ಲ, ನಾತ ಒಡೀತದೆ! ನಮ್ಮನೆ ಎದ್ರುಗೇ ಐತೆ, ಬನ್ನಿ ಬನ್ನಿ!”

ಅವರ ವಕೀಲರು ಎರಡೂ ಕಣ್ಣು ಮುಚ್ಚಿಕೊಂಡರು. ಪ್ರಕಾಶನ ಮುಖಕ್ಕೆ ರಕ್ತ ವಾಪಸು ಬಂತು. ತಾವೇನು ಹೇಳಿದೆವು ಎಂಬುದು ಗೌಡರಿಗೆ ಒಂದು ಗಳಿಗೆ ತಡವಾಗಿ ಹೊಳೆದು, ಟವೆಲ್ಲಿನಿಂದ ಬಾಯಿ ಒರೆಸಿಕೊಂಡರು.

“ಅದು ಮರ್ಯಾದೆಗೆ ಆಡಿದ ಮಾತು, ಮೇಡಂ” ಎಂದರು ಅವರ ವಕೀಲರು. “ಕಮಿಷನರು ಕಣ್ಣಲ್ಲಿ ಕಂಡದ್ದನ್ನ ಮಾತ್ರ ಬರೀಬೇಕು.”

ಅವರು ಹೇಳಿದ್ದು ಸರಿ. ಕಿವಿಗೆ ಬಿದ್ದದ್ದನ್ನು ನಾನು ಬರೆಯುವಂತಿರಲಿಲ್ಲ. ಕಾಲು ಬದಲಿಸಿ ಬದಲಿಸಿ ನಿಂತೆ, ಹಣೆಯಲ್ಲಿ ಬೆವರು. ಸಾಕಮ್ಮ ನನ್ನನ್ನೇ ದಿಟ್ಟಿಸುತ್ತಿದ್ದರು. ಆ ನಿಲುವು ಅವರಿಗೆ ಗೊತ್ತಿತ್ತು. ಒಂದು ವರ್ಷದಿಂದ ಆ ವಠಾರದ ಹೆಂಗಸರೆಲ್ಲ ಹಾಗೆ ನಿಂತವರೇ.

“ಲತಂಗೂ ಇಂಗೇ ಆಯ್ತದೆ” ಎಂದರು, ತಮ್ಮಷ್ಟಕ್ಕೆ ಹೇಳಿಕೊಳ್ಳುವ ಹಾಗೆ. “ಬಸ್ರಿ ಎಂಗ್ಸು. ಗಳ್ಗೆಗೊಂದ್ಸಲ ಓಗ್ಬೇಕು.”

ಆಮೇಲೆ ಮೇಜನ್ನು ತಾವೇ ಪಕ್ಕಕ್ಕೆ ಎಳೆದರು. ಪರದೆಯ ಒಂದು ತುದಿ ಹಿಡಿದು ಜೋರಾಗಿ ಎಳೆದಾಗ ದಾರ ಕಿತ್ತು, ಜರಿಯಂಚು ನೆಲಕ್ಕೆ ಬಿತ್ತು.

ಅಲ್ಲಿ ಕಂಡದ್ದನ್ನು ವರದಿಯಲ್ಲಿ ಬರೆದಷ್ಟೇ ಇಲ್ಲಿಯೂ ಹೇಳುತ್ತೇನೆ. ಎರಡು ಪಾಯಿಖಾನೆ, ಒಂದಕ್ಕೆ ಬಾಗಿಲಿಲ್ಲ. ಎರಡರ ಗುಂಡಿಯೂ ಬಾಯಿವರೆಗೆ ತುಂಬಿತ್ತು. ಒಡೆದ ಪೈಪಿನಿಂದ ಕಪ್ಪು ನೀರು ಹರಿದು ಹಿಂದಿನ ಗೋಡೆಯವರೆಗೆ ಮಡುಗಟ್ಟಿ ನಿಂತಿತ್ತು, ಅದರ ಮೇಲೆ ಸೊಳ್ಳೆಯ ಮೋಡ. ಹೆಂಗಸರು ಅಲ್ಲಿಯೂ ಸುಮ್ಮನೆ ಬಿಟ್ಟಿರಲಿಲ್ಲ. ಕಾಲಿಡಲು ಸಾಧ್ಯವಿದ್ದ ಕೊನೆಯ ಅಂಗುಲದವರೆಗೂ ಗುಡಿಸಿ ಬ್ಲೀಚಿಂಗ್ ಪೌಡರ್ ಚೆಲ್ಲಿದ್ದರು.

“ಬರ್ಕಳಿ ಅಮ್ಮಾವ್ರೆ” ಎಂದರು ಸಾಕಮ್ಮ. ಕಣ್ಣು ನೆಟ್ಟಗೆ ನನ್ನ ಮೇಲಿತ್ತು. “ಆದ್ರೆ ಎರಡೂ ಬರೀಬೇಕು. ಪರದೆಯಿಂದ ಮುಂದಕ್ಕೆ ನಮ್ದು. ಪರದೆಯಿಂದ ಇಂದಕ್ಕೆ ಅವ್ರುದು. ಒಲ್ಸು ಅನ್ನೋ ಮಾತ ಎಲ್ರ್ ಮೇಲೂ ಉಯ್ಬ್ಯಾಡಿ.”

ಫೋಟೋ ತೆಗೆದು ಮಹಜರಿಗೆ ಸಹಿ ಹಾಕಿಸಿದೆ. ಆದರೆ ನನ್ನ ತುರ್ತು ಹಾಗೆಯೇ ಇತ್ತು. ಗೌಡರ ಮನೆಗೆ ಹೋದರೆ ಒಂದು ಕಡೆಯವರ ಉಪಕಾರ ಪಡೆದ ಹಾಗಾಗುತ್ತದೆ. ವಠಾರದ ಹೆಂಗಸರು ಹೋಗುವುದು ಬಸ್ ನಿಲ್ದಾಣದ ಬಳಿಯ ಸಾರ್ವಜನಿಕ ಶೌಚಾಲಯಕ್ಕಂತೆ. ನಾನೂ ಅಲ್ಲಿಗೇ ಹೊರಟೆ. ದಾರಿ ತೋರಿಸಲು ಸಾಕಮ್ಮ ಜೊತೆಗೆ ಬಂದರು. ಕಮಿಷನರ್ ಒಂದು ಕಡೆಯವರ ಜೊತೆ ಒಂಟಿಯಾಗಿ ಹೋಗುವಂತಿಲ್ಲ ಎಂದು ಗೌಡರ ವಕೀಲರು ಹಿಂದೆ ಬಂದರು. ಅವರು ಬಂದರೆಂದು ಪ್ರಕಾಶ ಬಂದ. ಎಲ್ಲರೂ ಹೋದ ಮೇಲೆ ತಾವೊಬ್ಬರೇ ಏಕೆಂದು ಗೌಡರೂ ಬಂದರು. ಕಪ್ಪು ಕೋಟಿನ ಮೂವರು, ಪಂಚೆಯ ಒಬ್ಬರು, ರೇಷ್ಮೆ ಸೀರೆಯ ಒಬ್ಬರು ಬೀದಿಯ ಉದ್ದಕ್ಕೂ ಗಂಭೀರವಾಗಿ ನಡೆದು ಹೋಗುವುದನ್ನು ನೋಡಿ ಅಂಗಡಿಯವರು ಎದ್ದು ನಿಂತರು. ಯಾವುದೋ ದೊಡ್ಡ ಉದ್ಘಾಟನೆ ಇರಬೇಕೆಂದುಕೊಂಡರೋ ಏನೋ.

ನಡೆದೆವು, ಇನ್ನೂ ನಡೆದೆವು. ಅದು ಎಷ್ಟು ದೂರವೆಂದು ಅವಸರವಿರುವವರಿಗೇ ಗೊತ್ತು. ದಾರಿಯಲ್ಲಿ ಸಾಕಮ್ಮ ಎಲ್ಲರಿಗೂ ಕೇಳುವಂತೆ ಮಗಳ ವಿಚಾರ ಹೇಳಿದರು. ಆರನೆಯ ತಿಂಗಳು, ಬಳೆ ಶಾಸ್ತ್ರ, ಅತ್ತೆಯ ಮಾತು. ಹಿಂದಿನಿಂದ ಗೌಡರು ಸರಸರನೆ ಬಂದು ಸೇರಿಕೊಂಡರು.

“ಲತಂಗೆ ಆರ್ ತಿಂಗ್ಳಾ? ನಂಗೊಂದು ಮಾತು ಏಳ್ಲೇ ಇಲ್ವಲ್ಲ ಸಾಕಕ್ಕ! ನಾನಲ್ವಾ ಅವ್ಳ ಎಗಲ್ ಮೇಲೆ ಕೂರುಸ್ಕಂಡು ಅಂಗನವಾಡಿಗೆ ಬುಡ್ತಿದ್ದೋನು?”

“ಕೇಸ್ ನಡೀತಿರೋವಾಗ ಎದ್ರು ಮನೆಗೆ ಬಂದು ಎಂಗೇಳ್ಳಿ ಗೌಡ್ರೆ? ಪಾಯಿಖಾನೆ ಕೇಳಕ್ಕೇ ಕೋರ್ಟಿಗೋಗ್ಬೇಕಾಯ್ತು.”

 ವಾಪಸು ಬರುವಾಗ ಗೌಡರು ಎಲ್ಲರಿಗಿಂತ ಹಿಂದೆ ತಲೆ ತಗ್ಗಿಸಿ ನಡೆದು ಬಂದರು.

ವರದಿಯನ್ನು ನಾನು ಎರಡು ಭಾಗ ಮಾಡಿದೆ. ಮೊದಲ ಭಾಗದಲ್ಲಿ ವಾಸದ ಮನೆಗಳು ಮತ್ತು ಅಂಗಳ, ಬಾಡಿಗೆದಾರರು ನೋಡಿಕೊಳ್ಳುವುದು. ಎರಡನೆಯ ಭಾಗದಲ್ಲಿ ಹಿಂಭಾಗ, ಮಾಲೀಕರು ನೋಡಿಕೊಳ್ಳಬೇಕಾದದ್ದು. ಬಸ್ ನಿಲ್ದಾಣದವರೆಗಿನ ದೂರವನ್ನೂ, ಎರಡೂ ಪಕ್ಷದವರ ಸಮಕ್ಷಮ ನಡೆದು ನೋಡಲಾಯಿತು ಎಂದು ಸೇರಿಸಿದೆ. ಸ್ಕ್ವಾಲಿಡ್ ಎಂಬ ಪದವನ್ನು ಎಲ್ಲಿಯೂ ಬಳಸಲಿಲ್ಲ.

ವಿಚಾರಣೆಯ ದಿನ ನ್ಯಾಯಾಧೀಶರು ಫೋಟೋಗಳನ್ನು ತಿರುವಿಹಾಕಿದರು. ರಂಗೋಲಿಯ ಫೋಟೋ ಒಮ್ಮೆ, ಗುಂಡಿಯ ಫೋಟೋ ಒಮ್ಮೆ, ಮತ್ತೆ ರಂಗೋಲಿ. ಮುಗುಳ್ನಕ್ಕರು.

“ಎಲ್ಲಾ ಸರಿ. ಆದರೆ ಕೋರ್ಟು ಕೇಳಿದ ಪ್ರಶ್ನೆಗೆ ಉತ್ತರ ಇಲ್ಲವಲ್ಲ ಮೇಡಂ. ಸ್ಕ್ವಾಲಿಡ್ ಹೌದೋ, ಅಲ್ಲವೋ?”

“ಸ್ವಾಮಿ, ಪಾಯಿಖಾನೆ ಹೌದು. ವಠಾರ ಅಲ್ಲ. ವಠಾರದವರು ಖಂಡಿತ ಅಲ್ಲ” ಎಂದೆ.

ಹಿಂದಿನ ಬೆಂಚಿನಿಂದ ನಂಜೇಗೌಡರು ಎದ್ದು ನಿಂತರು. ಅವರ ವಕೀಲರು ಕೈ ಸನ್ನೆ ಮಾಡಿ ಕೂರಿಸಲು ನೋಡಿದರು, ಆಗಲಿಲ್ಲ.

“ಕಟ್ಸ್‌ಕೊಡ್ತೀನಿ ಸ್ವಾಮಿ. ಪಿ.ಜಿ. ಮಾತು ಆಮ್ಯಾಕೆ ಕುಂತು ಆಡ್ಕಂತೀವಿ. ಮೊದ್ಲು ಇದು. ಉಡ್ಗಿ ಬರ್ಬೇಕು ಮನೇಗೆ.”

ರಾಜಿ ಅರ್ಜಿ ಸಿದ್ಧವಾಯಿತು. ಬಳೆ ಶಾಸ್ತ್ರಕ್ಕೆ ಮುಂಚೆ ಹೊಸ ಪಾಯಿಖಾನೆ ಕಟ್ಟಿಸಬೇಕು, ಪೈಪು ಬದಲಿಸಬೇಕು, ಕೆಲಸ ಮುಗಿದ ಮೇಲೆ ಕಮಿಷನರ್ ಇನ್ನೊಮ್ಮೆ ನೋಡಿ ಕೋರ್ಟಿಗೆ ತಿಳಿಸಬೇಕು. ಸಾಕಮ್ಮ ತಮ್ಮದೊಂದು ಷರತ್ತು ಸೇರಿಸಿದರು: ನಾಲ್ಕನೆಯ ಪ್ಯಾರಾದಲ್ಲಿರುವ ಆ ಇಂಗ್ಲಿಷ್ ಮಾತು ಹೋಗಬೇಕು. ಕೇಸು ಮುಗಿಯುವಾಗ ದಾವಾ ಪತ್ರ ತಿದ್ದಿ ಏನು ಪ್ರಯೋಜನ ಎಂದು ಪ್ರಕಾಶ ಎಷ್ಟು ವಿವರಿಸಿದರೂ ಅವರು ಒಪ್ಪಲಿಲ್ಲ. ನ್ಯಾಯಾಧೀಶರು ಒಪ್ಪಿದರು. ಪ್ರಕಾಶ ತನ್ನ ಪ್ರೀತಿಯ ಪದದ ಮೇಲೆ ತಾನೇ ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಿದ.

ಆ ಮೇಲೆ ಎಷ್ಟೋ ಸ್ಥಳ ನೋಡಿದ್ದೇನೆ, ಎಷ್ಟೋ ವರದಿ ಬರೆದಿದ್ದೇನೆ. ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಒಂದು ಜಾಗ ಕೆಟ್ಟಿದ್ದರೆ, ಅಲ್ಲಿರುವವರು ಏನು ಮಾಡುತ್ತಿದ್ದಾರೆ, ಅವರಿಗೆ ಏನು ಮಾಡಲಾಗಿದೆ ಎಂಬ ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು. ಎರಡನ್ನೂ ಒಂದೇ ಮಾತಿನಲ್ಲಿ ಮುಚ್ಚುವ ಪದ ಎಷ್ಟೇ ತೂಕದ್ದಾಗಿರಲಿ, ನೋಡುವ ಶ್ರಮ ಉಳಿಸಿಕೊಂಡವರ ಪದ.

ಕೊನೆಯ ತಪಾಸಣೆಗೆ ಹೋದ ದಿನ ವಠಾರದಲ್ಲಿ ಮತ್ತೆ ಸಡಗರ. ಕೋರ್ಟಿನಮ್ಮ ಸರಿ ಇದೆ ಎಂದ ದಿನವೇ ಸೊಸೆಯನ್ನು ಕಳಿಸುತ್ತೇನೆ ಎಂದು ಹೂಟಗಳ್ಳಿಯ ಬೀಗಿತ್ತಿ ಹೇಳಿದ್ದರಂತೆ. ನಾನು ಅಳತೆ ಹಿಡಿದು, ಹೊಸ ಬಾಗಿಲು ತೆಗೆದು ಮುಚ್ಚಿ, ನಲ್ಲಿ ತಿರುಗಿಸಿ ನೋಡಿ ಹೊರಬರುತ್ತಿದ್ದೆ. ಆಟೋ ಬಂದು ನಿಂತಿತು. ಎರಡೂ ಕೈತುಂಬ ಹಸಿರು ಬಳೆ, ಊದಿದ ಪಾದ, ಮುಂದಕ್ಕೆ ಬಂದ ಹೊಟ್ಟೆ. ಲತಾ ಅತ್ತೆಯ ಕೈ ಹಿಡಿದು ಇಳಿದಳು. ಸಾಕಮ್ಮ ಆರತಿ ತಟ್ಟೆ ಹಿಡಿದು ಬಾಗಿಲಲ್ಲೇ ಕಾದಿದ್ದರು.

ಮಗಳು ತಾಯಿಯ ಮುಖ ನೋಡಿದಳು, ತಟ್ಟೆ ನೋಡಿದಳು.

“ಆರ್ತಿ ಆಮೇಲೆ ಕಣಮ್ಮ. ಹೂಟಗಳ್ಳಿಯಿಂದ ತಡ್ಕೊಂಡ್ ಬಂದಿದ್ದೀನಿ” ಎಂದವಳೇ ರಂಗೋಲಿ ದಾಟಿ, ಅಂಗಳ ದಾಟಿ, ನೆಟ್ಟಗೆ ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

ಸಾಕಮ್ಮ ತಟ್ಟೆಯ ಸಮೇತ ಹಿಂದೆಯೇ ಓಡಿದರು. ಹೊಸ ಬಾಗಿಲ ಎದುರು ನಿಂತು, ದೀಪ ಆರದ ಹಾಗೆ ಅಂಗೈ ಮರೆ ಮಾಡಿಕೊಂಡು ಕಾದರು. ನಗುತ್ತಿದ್ದರು, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಬೀಗಿತ್ತಿಯೂ ಗೌಡರೂ ಅವರ ಪಕ್ಕ ಬಂದು ನಿಂತರು. ನಾನು ಪೆನ್ನು ತೆಗೆದು ವರದಿಯ ಕೊನೆಯ ಸಾಲನ್ನು ಅಲ್ಲಿಯೇ ಬರೆದೆ: “ಶೌಚಾಲಯ ಬಳಕೆಯಲ್ಲಿದೆ.”